ಮತದ ಹಕ್ಕು ಕಳೆದುಹೋಗುವುದು ಮತಗಟ್ಟೆಯಲ್ಲಲ್ಲ, ಪಟ್ಟಿಯಲ್ಲಿ

ಮತದಾನದ ದಿನ ಮತಗಟ್ಟೆಯ ಬಾಗಿಲಲ್ಲಿ ಪ್ರತಿ ಸಲವೂ ಕೇಳಿಬರುವ ಮಾತೊಂದಿದೆ: "ಕಾರ್ಡ್ ಇದೆ ಸರ್, ಹೋದ ಸಲ ವೋಟು ಹಾಕಿದ್ದೆ, ಈ ಸಲ ಹೆಸರೇ ಇಲ್ಲ ಅಂತಾರೆ." ಹೀಗೆ ಹೇಳುವವರ ಕೈಯಲ್ಲಿ ಎಪಿಕ್ ಎಂಬ ಮತದಾರರ ಗುರುತಿನ ಕಾರ್ಡ್ ಇರುತ್ತದೆ, ಆಧಾರ್ ಇರುತ್ತದೆ, ಹಿಂದಿನ ಚುನಾವಣೆಯ ಚೀಟಿಯೂ ಇರುತ್ತದೆ. ಆದರೂ ಆ ದಿನ ಅಲ್ಲಿರುವ ಯಾವ ಅಧಿಕಾರಿಯೂ ಅವರಿಗೆ ನೆರವಾಗಲಾರ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಮತ ಹಾಕುವ ಅಧಿಕಾರ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮುಗಿದ ಮೇಲೆ ಆ ಚುನಾವಣೆಗಾಗಿ ಹೊಸ ಹೆಸರು ಸೇರಿಸುವುದಕ್ಕೂ ಕಾನೂನಿನಲ್ಲಿ ಅವಕಾಶವಿಲ್ಲ. ಮತಗಟ್ಟೆಯ ಮುಂದೆ ಎಷ್ಟು ವಾದ ಮಾಡಿದರೂ ಬರಿಗೈಯಲ್ಲಿ ಮನೆಗೆ ಹೋಗಬೇಕಾಗುತ್ತದೆ.

ಒಂದು ಮತ ಹೋದರೆ ಏನಾಯಿತು ಎನ್ನುವವರಿಗೆ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಉತ್ತರ ಕೊಟ್ಟಿದೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ತೀರಾ ಈಚೆಗೆ, 2023ರಲ್ಲಿ, ಬೆಂಗಳೂರಿನ ಜಯನಗರದ ಫಲಿತಾಂಶ ನಿಂತದ್ದು 16 ಮತಗಳ ಅಂತರದ ಮೇಲೆ. ಒಂದೇ ಬೀದಿಯಲ್ಲಿ ಪಟ್ಟಿಯಿಂದ ಬಿಟ್ಟುಹೋದ ಹೆಸರುಗಳೇ ಅದಕ್ಕಿಂತ ಹೆಚ್ಚಿರಬಹುದು.

ಸಂವಿಧಾನ ಮತದ ಹಕ್ಕಿಗೆ ಗಟ್ಟಿಯಾದ ರಕ್ಷಣೆ ಕೊಟ್ಟಿದೆ. ಆದರೆ ಆ ರಕ್ಷಣೆ ನಮ್ಮ ಕೈಗೆ ಸಿಗುವುದು ಮತದಾರರ ಪಟ್ಟಿ ಎಂಬ ಕಾಗದದ ಮೂಲಕ. ಅದನ್ನು ಕಾಯುವ ದಾರಿಗಳು ಕಾನೂನಿನಲ್ಲೇ ಇವೆ. ಬಹಳ ಮಂದಿಗೆ ಗೊತ್ತಿಲ್ಲ, ಅಷ್ಟೆ. ಈ ಲೇಖನ ಆ ದಾರಿಗಳ ಬಗ್ಗೆ.

ಮೂರು ವಿಧಿಗಳು

ಸಂವಿಧಾನದ 326ನೇ ವಿಧಿ ಲೋಕಸಭೆ ಮತ್ತು ವಿಧಾನಸಭೆಗಳ ಚುನಾವಣೆ ವಯಸ್ಕ ಮತಾಧಿಕಾರದ ಮೇಲೆ ನಡೆಯಬೇಕೆಂದು ಹೇಳುತ್ತದೆ. ಭಾರತದ ಪ್ರಜೆಯಾಗಿರಬೇಕು, 18 ವರ್ಷ ತುಂಬಿರಬೇಕು. ಸಂವಿಧಾನ ಜಾರಿಗೆ ಬಂದಾಗ ಈ ವಯಸ್ಸು 21 ಇತ್ತು. 61ನೇ ತಿದ್ದುಪಡಿ ಅದನ್ನು ಇಳಿಸಿತು, 1989ರ ಮಾರ್ಚ್ 28ರಿಂದ ಅದು ಜಾರಿಯಲ್ಲಿದೆ. ಈ ಹಕ್ಕನ್ನು ಕಾನೂನು ಯಾವ ಕಾರಣಕ್ಕೆ ತಡೆಯಬಹುದು ಎಂಬುದನ್ನೂ ಅದೇ ವಿಧಿ ಎಣಿಸಿ ಇಟ್ಟಿದೆ: ಆ ಕ್ಷೇತ್ರದಲ್ಲಿ ವಾಸವಿಲ್ಲದಿರುವುದು, ಮಾನಸಿಕ ಅಸ್ವಸ್ಥತೆ, ಅಪರಾಧ, ಭ್ರಷ್ಟ ಅಥವಾ ಅಕ್ರಮ ಚುನಾವಣಾ ಆಚರಣೆ. ಇದರಲ್ಲಿ ಓದು ಬರಹವಿಲ್ಲ, ಆಸ್ತಿಯಿಲ್ಲ, ತೆರಿಗೆಯಿಲ್ಲ.

325ನೇ ವಿಧಿ ಪಟ್ಟಿಯ ಬಗ್ಗೆಯೇ ಮಾತಾಡುತ್ತದೆ. ಒಂದು ಕ್ಷೇತ್ರಕ್ಕೆ ಒಂದೇ ಸಾಮಾನ್ಯ ಮತದಾರರ ಪಟ್ಟಿ. ಕೇವಲ ಧರ್ಮ, ಜನಾಂಗ, ಜಾತಿ, ಲಿಂಗದ ಕಾರಣಕ್ಕೆ ಯಾರನ್ನೂ ಅದರಿಂದ ಹೊರಗಿಡುವಂತಿಲ್ಲ, ಯಾರಿಗೂ ಬೇರೆ ಪಟ್ಟಿ ಮಾಡುವಂತಿಲ್ಲ. ಬ್ರಿಟಿಷರ ಕಾಲದಲ್ಲಿ ಮತ ಇದ್ದದ್ದು ಆಸ್ತಿ, ತೆರಿಗೆ, ವಿದ್ಯೆ ಉಳ್ಳವರಿಗೆ. ಧರ್ಮದ ಲೆಕ್ಕದಲ್ಲಿ ಪ್ರತ್ಯೇಕ ಕ್ಷೇತ್ರಗಳೂ ಇದ್ದವು. 1881ರಲ್ಲೇ ಆರಂಭವಾದ ನಮ್ಮ ಮೈಸೂರು ಪ್ರಜಾಪ್ರತಿನಿಧಿ ಸಭೆ ಕೂಡ ಹೆಸರಿಗೆ ಪ್ರಜೆಗಳದ್ದಾದರೂ ಜಮೀನ್ದಾರರು, ವ್ಯಾಪಾರಿಗಳಂಥ ಉಳ್ಳವರಿಗೇ ತೆರೆದಿತ್ತು. ಆ ಎಲ್ಲ ಬೇಲಿಗಳನ್ನು ಸಂವಿಧಾನ ಒಂದೇ ಏಟಿಗೆ ಕಿತ್ತು ಹಾಕಿತು.

ಪಟ್ಟಿಯನ್ನು ಯಾರು ಮಾಡಬೇಕು ಎಂಬ ಪ್ರಶ್ನೆಗೆ 324ನೇ ವಿಧಿಯಲ್ಲಿ ಉತ್ತರವಿದೆ: ಚುನಾವಣಾ ಆಯೋಗ. 1949ರ ಜೂನ್‌ನಲ್ಲಿ ಈ ವಿಧಿಯನ್ನು ಸಂವಿಧಾನ ರಚನಾ ಸಭೆಯ ಮುಂದಿಟ್ಟಾಗ ಅಂಬೇಡ್ಕರ್ ಕಾರಣವನ್ನೂ ವಿವರಿಸಿದರು. ಕೆಲವು ಪ್ರಾಂತ್ಯಗಳಲ್ಲಿ ಬೇರೆ ಜನಾಂಗದವರು, ಬೇರೆ ಭಾಷೆಯವರು ಎಂಬ ನೆಪದಲ್ಲಿ ಅಧಿಕಾರಿಗಳು ಜನರನ್ನು ಪಟ್ಟಿಗೆ ಸೇರಿಸುತ್ತಿಲ್ಲವೆಂಬ ದೂರುಗಳು ಆಗಲೇ ಬಂದಿದ್ದವು. ಅದಕ್ಕೇ ಪಟ್ಟಿಯ ಹೊಣೆಯನ್ನು ರಾಜ್ಯ ಸರ್ಕಾರಗಳ ಕೈಯಿಂದ ತೆಗೆದು ಸ್ವತಂತ್ರ ಆಯೋಗಕ್ಕೆ ಕೊಡಲಾಯಿತು. ಪಟ್ಟಿಯಲ್ಲೇ ಅನ್ಯಾಯ ನಡೆಯಬಹುದು ಎಂಬ ಎಚ್ಚರ ಸಂವಿಧಾನ ಬರೆದವರಿಗೆ ಮೊದಲ ಚುನಾವಣೆಗೂ ಮುಂಚೆಯೇ ಇತ್ತು.

ಮತದಾನ ಮೂಲಭೂತ ಹಕ್ಕೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸಂವಿಧಾನ ರಚನೆಯ ಕಾಲದಲ್ಲಿ ಇದನ್ನು ಮೂಲಭೂತ ಹಕ್ಕುಗಳ ಪಟ್ಟಿಯಲ್ಲೇ ಸೇರಿಸುವ ಶಿಫಾರಸು ಇತ್ತು. ಕೊನೆಗೆ ಚುನಾವಣೆಯ ಭಾಗಕ್ಕೆ ಹೋಯಿತು. 1952ರ ಪೊನ್ನುಸ್ವಾಮಿ ಪ್ರಕರಣ, 1982ರ ಜ್ಯೋತಿ ಬಸು ಪ್ರಕರಣ, 2006ರ ಕುಲದೀಪ್ ನಯ್ಯರ್ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಾಯ್ದೆಯಿಂದ ಬಂದ ಹಕ್ಕು ಎಂದು ನೋಡಿತು. 2003ರ ಪಿಯುಸಿಎಲ್ ತೀರ್ಪಿನಲ್ಲಿ ನ್ಯಾಯಮೂರ್ತಿ ವೆಂಕಟರಾಮ ರೆಡ್ಡಿ ಅವರು ಮೂಲಭೂತ ಹಕ್ಕಲ್ಲದಿದ್ದರೂ ಇದು ಸಾಂವಿಧಾನಿಕ ಹಕ್ಕು ಎಂದರು. ಯಾರಿಗೆ ಹಾಕಬೇಕೆಂದು ಆರಿಸಿಕೊಳ್ಳುವ ಸ್ವಾತಂತ್ರ್ಯ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದೂ ಸೇರಿಸಿದರು. 2013ರ ಸೆಪ್ಟೆಂಬರ್ 27ರಂದು 'ಮೇಲಿನ ಯಾರೂ ಬೇಡ' ಎನ್ನುವ ನೋಟಾ ಗುಂಡಿಗೆ ದಾರಿ ಮಾಡಿಕೊಟ್ಟದ್ದು ಇದೇ ತರ್ಕ. 2023ರ ಅನೂಪ್ ಬರನ್ವಾಲ್ ಪ್ರಕರಣದಲ್ಲಿ ನ್ಯಾಯಮೂರ್ತಿ ಅಜಯ್ ರಸ್ತೋಗಿ ಇನ್ನೂ ಮುಂದೆ ಹೋಗಿ ಇದು ಮೂಲಭೂತ ಹಕ್ಕೇ ಎಂದು ಬರೆದರು; ಪೀಠದ ಉಳಿದವರು ಅಷ್ಟು ದೂರ ಹೋಗಲಿಲ್ಲ. ನನ್ನ ಮಟ್ಟಿಗೆ ರಸ್ತೋಗಿಯವರ ಮಾತೇ ಸರಿ. ಉಳಿದ ಹಕ್ಕುಗಳೆಲ್ಲ ಯಾವ ಸರ್ಕಾರದ ಎದುರು ನಿಲ್ಲಬೇಕೋ ಆ ಸರ್ಕಾರವನ್ನು ಆರಿಸುವ ಹಕ್ಕು ಅವುಗಳಿಗಿಂತ ಕಡಿಮೆಯದಾಗಲು ಸಾಧ್ಯವಿಲ್ಲ. ಆದರೆ ಸಾಮಾನ್ಯ ಮತದಾರರು ಈ ಚರ್ಚೆ ಮುಗಿಯುವ ತನಕ ಕಾಯಬೇಕಿಲ್ಲ. ಕಾಯ್ದೆಯ ಹಕ್ಕು ಎಂದರೂ ಅದನ್ನು ಕಸಿದುಕೊಳ್ಳಲು ಕಾಯ್ದೆ ಹೇಳಿದ ಕ್ರಮವನ್ನೇ ಅನುಸರಿಸಬೇಕು, ಮತ್ತು ಆ ಕ್ರಮ ನಮ್ಮ ಪರವಾಗಿಯೇ ಇದೆ.

ಪಟ್ಟಿ ನೋಡುವುದು, ಹೆಸರು ಸೇರಿಸುವುದು

ಮೊದಲ ಕೆಲಸ ಪಟ್ಟಿ ನೋಡುವುದು. ಕಾರ್ಡ್ ಇದೆ ಎಂದರೆ ಹೆಸರಿದೆ ಎಂದಲ್ಲ. ಆಯೋಗದ ಮತದಾರರ ಸೇವಾ ಪೋರ್ಟಲ್‌ನಲ್ಲಿ ಅಥವಾ ಮೊಬೈಲ್ ಆ್ಯಪ್‌ನಲ್ಲಿ ಎಪಿಕ್ ಸಂಖ್ಯೆ ಹಾಕಿದರೆ ವಿಧಾನಸಭಾ ಕ್ಷೇತ್ರ, ಭಾಗ ಸಂಖ್ಯೆ, ಕ್ರಮಸಂಖ್ಯೆ, ಮತಗಟ್ಟೆ ಬರುತ್ತವೆ. ಮೊಬೈಲ್ ಬಳಸಲು ಬಾರದವರು 1950ಕ್ಕೆ ಕರೆ ಮಾಡಬಹುದು, ಇಲ್ಲವೇ ತಮ್ಮ ಭಾಗದ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಬಳಿ ಕೇಳಬಹುದು. ನಮ್ಮ ಊರುಗಳಲ್ಲಿ ಅಂಗನವಾಡಿ ಕಾರ್ಯಕರ್ತೆಯೋ ಶಾಲೆಯ ಮೇಷ್ಟರೋ ಬಿಎಲ್‌ಒ ಆಗಿರುವುದೇ ಹೆಚ್ಚು. ಅವರ ಹೆಸರು, ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಭಾಗ ಸಂಖ್ಯೆ ಮತ್ತು ಕ್ರಮಸಂಖ್ಯೆಯನ್ನೂ ಬರೆದಿಡಿ. ಮುಂದೆ ಯಾವ ದೂರು ಕೊಡಬೇಕಾದರೂ ಅಧಿಕಾರಿ ಮೊದಲು ಕೇಳುವುದು ಇವೆರಡನ್ನೇ.

ಹೊಸದಾಗಿ ಹೆಸರು ಸೇರಿಸಲು ನಮೂನೆ 6. ಮೊದಲು ಜನವರಿ 1ಕ್ಕೆ 18 ತುಂಬಿರಬೇಕಿತ್ತು. ಜನವರಿ 2ರಂದು ಹುಟ್ಟಿದವರು ಹೆಚ್ಚುಕಡಿಮೆ ಒಂದು ವರ್ಷ ಕಾಯಬೇಕಿತ್ತು. 2021ರ ತಿದ್ದುಪಡಿಯ ನಂತರ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಹೀಗೆ ನಾಲ್ಕು ಅರ್ಹತಾ ದಿನಗಳಿವೆ. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ಪಿಯುಸಿ ಓದುವ ಮಕ್ಕಳಿರುವ ಮನೆಗಳಲ್ಲಿ ಈ ಮಾತು ತಿಳಿದಿರಲಿ.

ಮನೆ ಬದಲಾದರೆ, ಹೆಸರಲ್ಲೋ ವಯಸ್ಸಲ್ಲೋ ತಪ್ಪಿದ್ದರೆ, ಕಾರ್ಡ್ ಕಳೆದಿದ್ದರೆ, ಅಂಗವೈಕಲ್ಯ ನಮೂದಿಸಬೇಕಿದ್ದರೆ ಎಲ್ಲಕ್ಕೂ ನಮೂನೆ 8 ಒಂದೇ ಸಾಕು. ಇಲ್ಲಿ ಜನ ಆಗಾಗ ಮಾಡುವ ತಪ್ಪೆಂದರೆ ಹೊಸ ಊರಿಗೆ ಬಂದಾಗ ಮತ್ತೆ ನಮೂನೆ 6 ಹಾಕುವುದು. ಹಾಗೆ ಮಾಡಿದರೆ ಎರಡು ಕಡೆ ಹೆಸರು ಬರುತ್ತದೆ. ಎರಡು ಕ್ಷೇತ್ರಗಳಲ್ಲಿ ಹೆಸರಿರುವುದನ್ನು 1950ರ ಪ್ರಜಾಪ್ರತಿನಿಧಿ ಕಾಯ್ದೆ ಒಪ್ಪುವುದಿಲ್ಲ. ಬೇರೆಡೆ ಹೆಸರಿದೆ ಎಂದು ಗೊತ್ತಿದ್ದೂ ಇಲ್ಲವೆಂದು ಸುಳ್ಳು ಘೋಷಣೆ ಮಾಡಿದರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ ಆಗಬಹುದು.

ಅರ್ಜಿ ಯಾವುದೇ ಇರಲಿ, ಸ್ವೀಕೃತಿ ಸಂಖ್ಯೆ ಪಡೆಯದೆ ಬರಬೇಡಿ. ಕಾಗದದಲ್ಲಿ ಕೊಟ್ಟರೆ ಅರ್ಜಿಯ ಕೆಳಭಾಗದ ರಸೀದಿಗೆ ಸಹಿ ಹಾಕಿಸಿಕೊಳ್ಳಿ. ಅರ್ಜಿ ತಿರಸ್ಕಾರವಾದರೆ ಸುಮ್ಮನಾಗಬೇಕಿಲ್ಲ. ಮತದಾರರ ನೋಂದಣಾಧಿಕಾರಿಯ ಆದೇಶದ ಮೇಲೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ನ್ಯಾಯ ಸಿಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ ಎರಡನೆಯದು. ಈ ಮೇಲ್ಮನವಿಯ ದಾರಿಯನ್ನು ಬಳಸುವವರು ತೀರಾ ವಿರಳ.

ನಿಮ್ಮ ಹೆಸರು ತೆಗೆಯಲು ಯಾರೋ ಅರ್ಜಿ ಹಾಕಿದರೆ

ಹೆಸರು ಸೇರಿಸುವುದಕ್ಕಿಂತ ಇದು ಸೂಕ್ಷ್ಮವಾದ ವಿಷಯ. ಪಟ್ಟಿಯಲ್ಲಿರುವ ಹೆಸರಿಗೆ ಆಕ್ಷೇಪಣೆ ಎತ್ತಲು ನಮೂನೆ 7 ಇದೆ. ಸತ್ತವರ, ಊರು ಬಿಟ್ಟವರ, ಎರಡು ಕಡೆ ಇರುವವರ ಹೆಸರು ತೆಗೆಯಲು ಇದು ಬೇಕೇ ಬೇಕು. ಆದರೆ ಅದೇ ನಮೂನೆಯಿಂದ ಬದುಕಿ ಬಾಳುತ್ತಿರುವವರ ಹೆಸರನ್ನೂ ಅಳಿಸಲು ಪ್ರಯತ್ನ ನಡೆಯಬಹುದು ಎಂಬುದಕ್ಕೆ ಕಲಬುರಗಿ ಜಿಲ್ಲೆಯ ಆಳಂದವೇ ಸಾಕ್ಷಿ.

2023ರ ವಿಧಾನಸಭಾ ಚುನಾವಣೆಗೆ ಮುನ್ನ ಆಳಂದ ಕ್ಷೇತ್ರದಲ್ಲಿ ಹೆಸರು ತೆಗೆಯುವಂತೆ ಆನ್‌ಲೈನ್ ಮೂಲಕ 6,018 ಅರ್ಜಿಗಳು ಬಂದವು. ಬಿಎಲ್‌ಒ ಒಬ್ಬರಿಗೆ ತಮ್ಮ ಬಂಧುವೊಬ್ಬರ ಹೆಸರು ತೆಗೆಯಲು ಅರ್ಜಿ ಬಂದಿರುವುದು ಕಂಡು, ಅರ್ಜಿದಾರರೆಂದು ಹೆಸರಿದ್ದವರನ್ನು ಕೇಳಿದರೆ ಅವರಿಗೆ ಅದರ ಸುಳಿವೇ ಇಲ್ಲ ಎಂದು ವರದಿಯಾಯಿತು. ಊರಿನವರದೇ ಹೆಸರಿನಲ್ಲಿ ಬೇರೆ ಯಾರೋ ಅರ್ಜಿ ತುಂಬಿದ್ದರು. ಅಧಿಕಾರಿಗಳು ಒಂದೊಂದನ್ನೂ ಸ್ಥಳಕ್ಕೆ ಹೋಗಿ ಪರಿಶೀಲಿಸಿದಾಗ ಸರಿ ಎಂದು ಕಂಡದ್ದು 24 ಮಾತ್ರ. ಉಳಿದ 5,994 ಅರ್ಜಿಗಳು ತಿರಸ್ಕಾರವಾದವು, 2023ರ ಫೆಬ್ರುವರಿಯಲ್ಲಿ ಚುನಾವಣಾಧಿಕಾರಿಗಳೇ ಪೊಲೀಸ್ ದೂರು ಕೊಟ್ಟರು. ಮುಂದೆ ರಾಜಕೀಯವಾಗಿ ದೊಡ್ಡ ಗದ್ದಲವಾಗಿ ತನಿಖೆ ವಿಶೇಷ ತನಿಖಾ ತಂಡಕ್ಕೆ (ಎಸ್‌ಐಟಿ) ಹೋಯಿತು. ನಮಗೆ ಬೇಕಾದ ಪಾಠ ಆ ಗದ್ದಲದಲ್ಲಿಲ್ಲ. ಸ್ಥಳೀಯ ಬಿಎಲ್‌ಒ ಒಬ್ಬರ ಕಣ್ಣು ಎಚ್ಚರವಾಗಿದ್ದುದರಿಂದ ಮತ್ತು ಕಾನೂನು ಹೇಳಿದ ಸ್ಥಳ ಪರಿಶೀಲನೆ ನಡೆದುದರಿಂದ ಆ ಹೆಸರುಗಳು ಉಳಿದವು ಎಂಬುದರಲ್ಲಿದೆ.

ಆ ಕಾನೂನು ಏನು ಹೇಳುತ್ತದೆ? ನಮೂನೆ 7 ಹಾಕುವವರು ಅದೇ ಕ್ಷೇತ್ರದ ಪಟ್ಟಿಯಲ್ಲಿರುವ ಮತದಾರರಾಗಿರಬೇಕು. ಯಾರೋ ಒಬ್ಬರು ಕಟ್ಟುಗಟ್ಟಲೆ ಅರ್ಜಿ ತಂದು ಸುರಿಯುವಂತಿಲ್ಲ. ವಾಸವಿಲ್ಲ ಅಥವಾ ಅರ್ಹತೆ ಇಲ್ಲ ಎಂಬ ಕಾರಣಕ್ಕೆ ಹೆಸರು ತೆಗೆಯುವ ಮುನ್ನ ಆ ವ್ಯಕ್ತಿಗೆ ತನ್ನ ಮಾತು ಹೇಳಿಕೊಳ್ಳಲು ತಕ್ಕ ಅವಕಾಶ ಕೊಡಲೇಬೇಕೆಂದು 1950ರ ಕಾಯ್ದೆಯ 22ನೇ ಸೆಕ್ಷನ್ ಹೇಳುತ್ತದೆ. ಬಂದ ಆಕ್ಷೇಪಣೆಗಳ ಪಟ್ಟಿಯನ್ನು ನೋಂದಣಾಧಿಕಾರಿ ನಮೂನೆ 10ರಲ್ಲಿ ಪ್ರಕಟಿಸಬೇಕು. ತಾಲ್ಲೂಕು ಕಚೇರಿಯ ಸೂಚನಾ ಫಲಕದಲ್ಲೂ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲೂ ಅದು ಸಿಗುತ್ತದೆ. ಪರಿಷ್ಕರಣೆಯ ದಿನಗಳಲ್ಲಿ ನಿಮ್ಮ ಭಾಗದ ನಮೂನೆ 10ನ್ನು ಒಮ್ಮೆ ನೋಡಿದರೆ ನಿಮ್ಮ ಬೀದಿಯಲ್ಲಿ ಯಾರ ಹೆಸರಿಗೆ ಕುತ್ತು ಬಂದಿದೆ ಎಂಬುದು ಗೊತ್ತಾಗುತ್ತದೆ. ಎರಡು ಪುಟ ಓದುವಷ್ಟೇ ಕೆಲಸ. ಊರಿನ ಯುವಕ ಸಂಘಗಳು, ಸ್ತ್ರೀಶಕ್ತಿ ಸಂಘಗಳು ಇದನ್ನು ಕೈಗೆತ್ತಿಕೊಂಡರೆ ಎಷ್ಟೋ ಹೆಸರು ಉಳಿಯುತ್ತವೆ.

ನೋಟಿಸ್ ಬಂದರೆ ಹೆದರಿ ಮನೆಯಲ್ಲಿ ಕೂರಬೇಡಿ. ವಿಚಾರಣೆಗೆ ಹೋಗಿ, ವಾಸದ ದಾಖಲೆ ತೋರಿಸಿ, ಕೊಟ್ಟ ಕಾಗದಕ್ಕೆಲ್ಲ ಸ್ವೀಕೃತಿ ಪಡೆಯಿರಿ. 1995ರ ಲಾಲ್ ಬಾಬು ಹುಸೇನ್ ಪ್ರಕರಣವನ್ನು ಇಲ್ಲಿ ನೆನಪಿಡಬೇಕು. ದೆಹಲಿ, ಮುಂಬೈಯ ಕೆಲವು ಬಡಾವಣೆಗಳಲ್ಲಿ ಆಗಲೇ ಪಟ್ಟಿಯಲ್ಲಿದ್ದವರಿಗೆ ಪೌರತ್ವ ಸಾಬೀತು ಮಾಡಿ ಎಂದು ನೋಟಿಸ್ ಹೋಗಿತ್ತು. ಈಗಾಗಲೇ ಪಟ್ಟಿಯಲ್ಲಿರುವವರ ಹೆಸರು ಸರಿಯಾದ ವಿಚಾರಣೆಯ ನಂತರವೇ ಸೇರಿದೆ ಎಂದು ಭಾವಿಸಬೇಕು, ಅನುಮಾನವಿದ್ದರೆ ಅದಕ್ಕೆ ಆಧಾರವೇನೆಂದು ಅವರಿಗೆ ತಿಳಿಸಬೇಕು, ಅವರು ಕೊಡುವ ಯಾವುದೇ ಸಾಕ್ಷ್ಯವನ್ನು ತೆರೆದ ಮನಸ್ಸಿನಿಂದ ನೋಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು.

ಮೂವತ್ತು ವರ್ಷಗಳ ನಂತರ ಅದೇ ಪ್ರಶ್ನೆ ಬಿಹಾರದಲ್ಲಿ ಎದ್ದಿತು. 2025ರ ಜೂನ್‌ನಲ್ಲಿ ಆಯೋಗ ಅಲ್ಲಿ ವಿಶೇಷ ತೀವ್ರ ಪರಿಷ್ಕರಣೆ ಶುರು ಮಾಡಿತು. ಆಗಸ್ಟ್ 1ರ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರುಗಳು ಇರಲಿಲ್ಲ. ಬಿಟ್ಟುಹೋದವರ ಹೆಸರನ್ನೂ ಬಿಟ್ಟ ಕಾರಣವನ್ನೂ ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕೆಂದು ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಸೆಪ್ಟೆಂಬರ್ 8ರಂದು ಆಧಾರ್ ಅನ್ನೂ ಗುರುತಿನ ದಾಖಲೆಯಾಗಿ ಒಪ್ಪಬೇಕೆಂದಿತು. ಆದರೆ ಆಧಾರ್ ಪೌರತ್ವದ ಪುರಾವೆಯಲ್ಲ ಎಂಬುದನ್ನೂ ಸ್ಪಷ್ಟಪಡಿಸಿತು. ಇಂಥ ಪರಿಷ್ಕರಣೆ ಯಾವ ರಾಜ್ಯದಲ್ಲಿ ನಡೆದರೂ ಕರಡು ಪಟ್ಟಿ ಹೊರಬಂದು ಅಂತಿಮ ಪಟ್ಟಿಯಾಗುವ ತನಕದ ವಾರಗಳೇ ನಿಮಗಿರುವ ಸಮಯ. ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಾಸ್‌ಪೋರ್ಟ್, ಜಾತಿ ಪ್ರಮಾಣಪತ್ರ, ತಂದೆ ತಾಯಿಯ ಹೆಸರಿರುವ ಹಳೆಯ ಮತದಾರರ ಪಟ್ಟಿಯ ಪುಟ ಇವನ್ನು ಒಂದೆಡೆ ಜೋಡಿಸಿಡುವುದು ಜಾಣತನ.

ಪಟ್ಟಿಯಿಂದ ಸುಲಭವಾಗಿ ಜಾರುವವರು

ಎಲ್ಲರ ಹೆಸರೂ ಒಂದೇ ರೀತಿ ಕಳೆದುಹೋಗುವುದಿಲ್ಲ. 1951–52ರ ಮೊದಲ ಮಹಾಚುನಾವಣೆಗೆ ಪಟ್ಟಿ ತಯಾರಿಸುವಾಗ ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದರು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಸ್ವಂತ ಹೆಸರೇ ಬೇಕೆಂದು ಪಟ್ಟು ಹಿಡಿದರು. ಕೊನೆಗೂ ಹೆಸರು ಕೊಡದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಇಂದಿಗೂ ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳ ಹೆಸರು ತವರಿನ ಪಟ್ಟಿಯಲ್ಲಿ ತೆಗೆದುಹೋಗಿ, ಗಂಡನ ಊರಿನ ಪಟ್ಟಿಯಲ್ಲಿ ಸೇರದೆ ಎರಡರ ನಡುವೆ ಕಾಣೆಯಾಗುವುದುಂಟು. ಮದುವೆಯಾದ ಮೇಲೆ ನಮೂನೆ 8 ಹಾಕಿದರೆ ಹಳೆಯ ಕಡೆಯಿಂದ ಹೊಸ ಕಡೆಗೆ ಹೆಸರು ತಾನೇ ವರ್ಗವಾಗುತ್ತದೆ. ಹೆಸರು ಬದಲಿಸಿಕೊಳ್ಳುವ ಕಡ್ಡಾಯವೇನೂ ಇಲ್ಲ.

ಗುಳೆ ಹೋಗುವವರ ಪಾಡು ಇನ್ನೂ ಕಷ್ಟ. ರಾಯಚೂರು, ಯಾದಗಿರಿ, ಕೊಪ್ಪಳದ ಕಡೆಯಿಂದ ಬೆಂಗಳೂರಿಗೋ ಗೋವಾಕ್ಕೋ ಮುಂಬೈಗೋ ದುಡಿಯಲು ಹೋದ ಕುಟುಂಬದ ಮನೆಗೆ ಪರಿಶೀಲನೆಯ ದಿನ ಬೀಗವಿರುತ್ತದೆ, ಪಟ್ಟಿಯಲ್ಲಿ 'ವಾಸವಿಲ್ಲ' ಎಂಬ ಗುರುತು ಬೀಳುತ್ತದೆ. ಆದರೆ 1950ರ ಕಾಯ್ದೆಯ 20ನೇ ಸೆಕ್ಷನ್ ಓದಿ ನೋಡಿ: ತಾತ್ಕಾಲಿಕವಾಗಿ ಊರಲ್ಲಿಲ್ಲದ ಮಾತ್ರಕ್ಕೆ ಸಾಮಾನ್ಯ ನಿವಾಸಿ ಎಂಬ ಸ್ಥಾನ ಹೋಗುವುದಿಲ್ಲ. ಊರಿನ ಮನೆಯಲ್ಲಿ ಅಜ್ಜಿಯೊಬ್ಬರಿದ್ದರೂ ಬಿಎಲ್‌ಒಗೆ ಈ ಮಾತು ಹೇಳುವಂತೆ ತಿಳಿಸಿ ಹೋಗಿ. ವರ್ಷಗಟ್ಟಲೆ ಬೆಂಗಳೂರಲ್ಲೇ ನೆಲೆಸಿದ್ದರೆ ಮಾತ್ರ ಅಲ್ಲಿಗೇ ವರ್ಗಾಯಿಸಿಕೊಳ್ಳುವುದು ಸರಿ. ಬಾಡಿಗೆದಾರರಿಗೂ ಇದೇ ಮಾತು. ಒಂದೂರಲ್ಲಿ ಸ್ವಂತ ಮನೆ ಇದೆ ಎಂಬುದಷ್ಟೇ ಅಲ್ಲಿಯ ಮತದಾರರಾಗಲು ಸಾಲದು, ಬಾಡಿಗೆ ಮನೆ ಎಂಬುದು ಅಡ್ಡಿಯೂ ಅಲ್ಲ.

ಸೂರಿಲ್ಲದವರಿಗೂ ಹಕ್ಕಿದೆ. ಅರ್ಜಿಯಲ್ಲಿ ಹೇಳಿದ ಜಾಗದಲ್ಲಿ ಆ ವ್ಯಕ್ತಿ ನಿಜವಾಗಿ ಮಲಗುತ್ತಾರೆಯೇ ಎಂದು ಬಿಎಲ್‌ಒ ರಾತ್ರಿ ಹೊತ್ತು ಒಂದಕ್ಕಿಂತ ಹೆಚ್ಚು ಸಲ ಹೋಗಿ ನೋಡಬೇಕು. ಕಂಡರೆ ವಿಳಾಸದ ದಾಖಲೆ ಕೇಳುವಂತಿಲ್ಲ. ಮಾನಸಿಕ ಕಾಯಿಲೆ ಇರುವವರ ಬಗ್ಗೆಯೂ ಒಂದು ಮಾತು. ಅಧಿಕಾರವುಳ್ಳ ನ್ಯಾಯಾಲಯ ಅಸ್ವಸ್ಥಚಿತ್ತರೆಂದು ಘೋಷಿಸಿದ ಹೊರತು ಅವರ ಹೆಸರು ತೆಗೆಯುವಂತಿಲ್ಲ. ಆಸ್ಪತ್ರೆಯ ಚೀಟಿಯೋ ನೆರೆಹೊರೆಯವರ ಮಾತೋ ಅದಕ್ಕೆ ಸಾಲದು.

ದುಬೈ, ಮಸ್ಕತ್, ಅಮೆರಿಕದಲ್ಲಿ ದುಡಿಯುತ್ತಿರುವ ಕನ್ನಡಿಗರು ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡು ಬೇರೆ ದೇಶದ ಪೌರತ್ವ ಪಡೆಯದಿದ್ದರೆ ನಮೂನೆ 6ಎ ಮೂಲಕ ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸದಲ್ಲಿ ಹೆಸರು ಸೇರಿಸಬಹುದು. ಮತ ಹಾಕಲು ಮಾತ್ರ ಖುದ್ದಾಗಿ ಬರಬೇಕು, ಮೂಲ ಪಾಸ್‌ಪೋರ್ಟ್ ತೋರಿಸಬೇಕು.

ಮತಗಟ್ಟೆಯೊಳಗೆ

ಹೆಸರಿದ್ದು ಎಪಿಕ್ ಇಲ್ಲದಿದ್ದರೆ ಚಿಂತೆಯಿಲ್ಲ. ಆಧಾರ್, ನರೇಗಾ ಜಾಬ್ ಕಾರ್ಡ್, ಫೋಟೊ ಇರುವ ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್, ಚಾಲನಾ ಪರವಾನಗಿ, ಪ್ಯಾನ್, ಪಾಸ್‌ಪೋರ್ಟ್, ಫೋಟೊ ಇರುವ ಪಿಂಚಣಿ ದಾಖಲೆ, ಅಂಗವಿಕಲರ ಗುರುತಿನ ಚೀಟಿ ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ. ಬಿಎಲ್‌ಒ ಕೊಡುವ ಮತದಾರರ ಚೀಟಿ ಒಂದೇ ಇದ್ದರೆ ಸಾಲದು. ಮತದಾನದ ವೇಳೆ ಮುಗಿಯುವಾಗ ಸಾಲಿನಲ್ಲಿ ನಿಂತಿದ್ದರೆ ಎಷ್ಟು ಹೊತ್ತಾದರೂ ನಿಮಗೆ ಮತ ಹಾಕಲು ಬಿಡಲೇಬೇಕು. ಗೈರುಹಾಜರು ಅಥವಾ ಸ್ಥಳಾಂತರಗೊಂಡವರು ಎಂದು ನಿಮ್ಮ ಹೆಸರಿನ ಮುಂದೆ ಗುರುತಿದ್ದರೂ ಹೆಸರು ಪಟ್ಟಿಯಲ್ಲಿದ್ದರೆ, ಗುರುತು ಖಚಿತಪಡಿಸಿ ಮತ ಹಾಕಬಹುದು.

ನೀವು ಹೋಗುವಷ್ಟರಲ್ಲಿ ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಮತ ಹಾಕಿದ್ದರೆ ಏನು ಮಾಡಬೇಕು? 1961ರ ಚುನಾವಣಾ ನಿಯಮಗಳ 49ಪಿ ನಿಯಮ ಇಂಥವರಿಗಾಗಿಯೇ ಇದೆ. ಅಧ್ಯಕ್ಷಾಧಿಕಾರಿ ನಿಮ್ಮ ಗುರುತಿನ ಬಗ್ಗೆ ಪ್ರಶ್ನೆ ಕೇಳುತ್ತಾರೆ. ಉತ್ತರ ಸಮಾಧಾನ ತಂದರೆ ಯಂತ್ರದಲ್ಲಲ್ಲ, ಕಾಗದದ ಮತಪತ್ರದಲ್ಲಿ ಟೆಂಡರ್ ವೋಟ್ ಕೊಡುತ್ತಾರೆ. ನಮೂನೆ 17ಬಿಯಲ್ಲಿ ಸಹಿ ಹಾಕಿ, ಗುರುತು ಒತ್ತಿ, ಮಡಚಿ ಕೊಟ್ಟರೆ ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಸಾಮಾನ್ಯ ಎಣಿಕೆಯಲ್ಲಿ ಅದು ಸೇರುವುದಿಲ್ಲ. ಆದರೆ ಅಂತರ ತೀರಾ ಕಡಿಮೆಯಿದ್ದು ತಕರಾರು ನ್ಯಾಯಾಲಯಕ್ಕೆ ಹೋದಾಗ ಅದೇ ಲಕೋಟೆ ಮುಖ್ಯವಾಗುತ್ತದೆ. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಸಿ.ಪಿ. ಜೋಷಿ ಒಂದು ಮತದಿಂದ ಸೋತಾಗ ಟೆಂಡರ್ ಮತಗಳ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆದ್ದರಿಂದ ನಿರಾಶರಾಗಿ ಮನೆಗೆ ಮರಳದೆ ಟೆಂಡರ್ ವೋಟ್ ಕೇಳಿ ಪಡೆಯಿರಿ.

ಇದೇ ವಿಷಯವಾಗಿ ಪ್ರತಿ ಚುನಾವಣೆಯಲ್ಲೂ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶ ಓಡಾಡುತ್ತದೆ: ಹೆಸರಿಲ್ಲದಿದ್ದರೂ ಆಧಾರ್ ತೋರಿಸಿ 'ಚಾಲೆಂಜ್ ವೋಟ್' ಹಾಕಬಹುದು, ಇಂತಿಷ್ಟು ಶೇಕಡಾ ಟೆಂಡರ್ ಮತ ಬಿದ್ದರೆ ಮರುಮತದಾನ ಆಗುತ್ತದೆ ಎಂದು. ಎರಡೂ ಸುಳ್ಳು. ಚಾಲೆಂಜ್ ಎಂಬುದು ಒಬ್ಬ ಮತದಾರರ ಗುರುತನ್ನು ಪ್ರಶ್ನಿಸಲು ಪೋಲಿಂಗ್ ಏಜೆಂಟರಿಗೆ ಇರುವ ಅವಕಾಶ. ಅದಕ್ಕೆ ಎರಡು ರೂಪಾಯಿ ಠೇವಣಿ. ಹೆಸರಿಲ್ಲದವರಿಗೆ ಅದರಿಂದ ಏನೂ ದಕ್ಕುವುದಿಲ್ಲ.

ದೃಷ್ಟಿ ಇಲ್ಲದವರು, ಗುಂಡಿ ಒತ್ತಲಾಗದಷ್ಟು ಅಶಕ್ತರು 18 ದಾಟಿದ ಒಬ್ಬರನ್ನು ಜೊತೆಗೆ ಒಯ್ಯಬಹುದು. 85 ದಾಟಿದವರು ಮತ್ತು ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯವಿರುವವರು, ಅಧಿಸೂಚನೆಯಾದ ಐದು ದಿನದೊಳಗೆ ನಮೂನೆ 12ಡಿ ಕೊಟ್ಟರೆ ಮನೆಯಲ್ಲೇ ಮತ ಹಾಕಬಹುದು. ಈ ಐದು ದಿನ ತಪ್ಪಿದರೆ ಅವಕಾಶ ಹೋಯಿತು.

ದುಡಿಯುವ ಜಾಗದಲ್ಲಿ ರಜೆ ಕೊಡುವುದಿಲ್ಲ ಎಂದರೆ 1951ರ ಕಾಯ್ದೆಯ 135ಬಿ ಸೆಕ್ಷನ್ ನೆನಪಿಸಿ; ಆ ದಿನ ಸಂಬಳ ಸಹಿತ ರಜೆ ನಿಮ್ಮ ಹಕ್ಕು. ಪರಿಶಿಷ್ಟ ಜಾತಿ, ಪಂಗಡದವರನ್ನು ಮತ ಹಾಕಬೇಡ, ಇಂಥವರಿಗೇ ಹಾಕು ಎಂದು ಬೆದರಿಸುವುದು ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಆರು ತಿಂಗಳಿನಿಂದ ಐದು ವರ್ಷದವರೆಗೆ ಜೈಲು. ಹಳ್ಳಿಗಳಲ್ಲಿ ಈ ಸೆಕ್ಷನ್ ಗೊತ್ತಿರುವುದೇ ಒಂದು ಧೈರ್ಯ.

ಒಂದು ವರ್ಗಕ್ಕೆ ಮಾತ್ರ ನಮ್ಮ ಕಾನೂನು ಇನ್ನೂ ಅನ್ಯಾಯ ಮಾಡುತ್ತಿದೆ. ಜೈಲಿನಲ್ಲಿರುವವರು, ಅಪರಾಧ ಸಾಬೀತಾಗದ ವಿಚಾರಣಾಧೀನ ಕೈದಿಗಳು ಕೂಡ, ಮತ ಹಾಕುವಂತಿಲ್ಲ. 1997ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿ ಹಿಡಿಯಿತು. 2013ರ ತಿದ್ದುಪಡಿಯ ನಂತರ ಅದೇ ಕೈದಿ ಚುನಾವಣೆಗೆ ನಿಲ್ಲಬಹುದು, ಮತ ಮಾತ್ರ ಹಾಕುವಂತಿಲ್ಲ. ಜಾಮೀನಿಗೆ ಹಣ ಹೊಂದಿಸಲಾಗದ ಬಡವ ಮತ ಕಳೆದುಕೊಳ್ಳುತ್ತಾನೆ, ಹಣವಿದ್ದವನು ಹೊರಗೆ ಬಂದು ಮತ ಹಾಕುತ್ತಾನೆ. ಆಸ್ತಿಯ ಬೇಲಿಯನ್ನು ಕಿತ್ತ ಸಂವಿಧಾನದಡಿ ಇದು ನಿಲ್ಲಬಾರದು.

ಇಷ್ಟು ಓದಿದವರಲ್ಲಿ ಒಂದು ಕೋರಿಕೆ. ಚುನಾವಣೆ ಘೋಷಣೆಯಾಗಲಿ ಎಂದು ಕಾಯದೆ ಇವತ್ತೇ ನಿಮ್ಮ ಎಪಿಕ್ ಸಂಖ್ಯೆ ಹಾಕಿ ಪಟ್ಟಿ ನೋಡಿ. ಮನೆಯವರದು, ಮನೆಗೆಲಸಕ್ಕೆ ಬರುವವರದು, ಅಪಾರ್ಟ್‌ಮೆಂಟಿನ ಕಾವಲುಗಾರನದು, ಓಣಿಯಲ್ಲಿ ಒಬ್ಬರೇ ಇರುವ ಮುದುಕಿಯದು ಕೂಡ ನೋಡಿಕೊಡಿ. ಹೆಸರಿಲ್ಲದಿದ್ದರೆ ಅವರ ಜೊತೆ ಕುಳಿತು ನಮೂನೆ 6 ತುಂಬಿಸಿ, ಸ್ವೀಕೃತಿ ಸಂಖ್ಯೆಯನ್ನು ಅವರ ಕೈಗೇ ಕೊಡಿ.